ಮೂವತ್ತೇಳನೇ ಆಸನದ ಮೇಜು

ನಾನು ಒಂದು ತೇಗದ ಮೇಜು. ಹುಟ್ಟಿದ್ದು ಜೈಲಿನ ಮರಗೆಲಸದ ಶೆಡ್ಡಿನಲ್ಲಿ. ಕಾನೂನು ಮುರಿದವರು ನನ್ನನ್ನು ಉಜ್ಜಿ ನುಣುಪು ಮಾಡಿ ಕಾನೂನು ಮಾಡುವವರ ಬಳಿಗೆ ಕಳಿಸಿದರು.

ವಿಧಾನಸಭೆಯಲ್ಲಿ ನನ್ನ ಮೊದಲ ಒಡೆಯರು ನನ್ನ ಮೇಲೆ ತಲೆಯಿಟ್ಟು ಐದು ವರ್ಷ ನಿದ್ದೆ ಮಾಡಿದರು. ಎರಡನೆಯವರು ಬೆರಳಿನ ಸುಣ್ಣವನ್ನು ನನ್ನ ಅಡಿಗೆ ಒರೆಸುತ್ತಿದ್ದರು. ಎದ್ದು ನಿಂತರೆ ಮಾತ್ರ ಇಬ್ಬರದೂ ಒಂದೇ ಮಾತು: ಈ ಸದನ ಸಾರ್ವಭೌಮ, ಇದರ ಮೇಲೆ ಯಾರೂ ಇಲ್ಲ.

ಮೂರನೆಯವರು ವಿರೋಧ ಪಕ್ಷದ ರೇಣುಕಪ್ಪ. ಓದಿಕೊಂಡವರು. ದಿನಾ ಬೆಳಿಗ್ಗೆ ನನ್ನನ್ನು ಒರೆಸುವ ಚಿಕ್ಕತಾಯಮ್ಮನ ಕೇರಿ ಅವರ ಕ್ಷೇತ್ರದ್ದು. ಅಲ್ಲಿನ ಹತ್ತೊಂಬತ್ತು ಮನೆಗಳ ಜಾಗ ಒಂದು ಕ್ಲಬ್ಬಿಗೆ ಬೇಕಾಗಿತ್ತು. ಕೆಡವಬೇಡಿ ಎಂದು ನ್ಯಾಯಾಲಯ ಹೇಳಿತು. ಆ ತೀರ್ಪೇ ನಡೆಯದಂತೆ ಸರ್ಕಾರ ಮಸೂದೆ ತಂದಿತು.

“ನೀವೊಬ್ರು ಬಾಯಿ ಬಿಟ್ರೆ ಉಳೀತೀವಿ ಸ್ವಾಮಿ,” ಎಂದಳು ಚಿಕ್ಕತಾಯಮ್ಮ.

“ಸರ್ಕಾರದೋರು ಬರೀ ಹೌದು-ಇಲ್ಲ ಅನ್ನೋ ಕೂಗಲ್ಲೇ ಪಾಸ್ ಮಾಡಕ್ಕೆ ನೋಡ್ತಾರೆ ಕಣಮ್ಮ. ನಾನೆದ್ದು ತಲೆ ಎಣಿಸಿ ಅಂದ್ರೆ ಎಣಿಸಲೇಬೇಕು. ನಾಳೆ ಅವರ ಅರ್ಧ ಜನ ಮಂತ್ರಿ ಮಗಳ ಮದುವೇಲಿರ್ತಾರೆ. ಹೆಸರು ಬರ್ಕೋತಾರೆ ಅಂದ್ರೆ ನಮ್ಮೋರೂ ಹೌದು ಅನ್ನಕ್ಕೆ ಹೆದರ್ತಾರೆ. ಬಿದ್ದೋಗುತ್ತೆ.”

“ಏಳ್ತೀರ ತಾನೆ?”

“ಏಳ್ತೀನಿ.”

ಮರುದಿನ ಸಭಾಧ್ಯಕ್ಷರು, ಒಪ್ಪುವವರು ಹೌದು ಎನ್ನಿ ಎಂದರು. ಗದ್ದಲವೆದ್ದಿತು. ಒಪ್ಪದವರು ಇಲ್ಲ ಎನ್ನಿ ಎಂದರು. ರೇಣುಕಪ್ಪ ಏಳಲೆಂದು ನನ್ನ ಮೇಲೆ ಅಂಗೈ ಊರಿದರು. ಮುಂದಿನ ಸಾಲಿನಿಂದ ಅವರ ನಾಯಕರು ಹಿಂತಿರುಗಿ ನೋಡಿದರು. ಆ ನಾಯಕರೂ ಕ್ಲಬ್ಬಿನ ಸದಸ್ಯರೇ. ರೇಣುಕಪ್ಪ ಏಳಲಿಲ್ಲ. ಊರಿದ ಕೈ ಬೆವೆತಿತು. ಮಸೂದೆ ಅಂಗೀಕಾರವಾಯಿತು ಎಂದಾಗ ಎಲ್ಲರೂ ಮೇಜು ಕುಟ್ಟಿದರು. ಅದೇ ಕೈ ನನ್ನನ್ನೂ ಕುಟ್ಟಿತು.

ಬೆಳಿಗ್ಗೆ ಚಿಕ್ಕತಾಯಮ್ಮ ಬಂದು ಆ ಕೈಯ ಗುರುತನ್ನೂ ಒರೆಸಿದಳು. ಅದು ಅವಳ ಕೆಲಸವಾಗಿತ್ತು.

ಒಂದು ಸದನ ಮಾಡಿದ್ದನ್ನು ಇನ್ನೊಂದು ಅಳಿಸಬಹುದು, ಅದೇ ಅದರ ಹಿರಿಮೆ ಎನ್ನುತ್ತಾರೆ. ನಾಲ್ಕು ವರ್ಷದ ಮೇಲೆ ಹೊಸ ಸದನ ಆ ಕಾನೂನನ್ನು ರದ್ದು ಮಾಡಿತು. ಮತ್ತೆ ಗೆದ್ದು ಬಂದಿದ್ದ ರೇಣುಕಪ್ಪ ಆವತ್ತೂ ನನ್ನನ್ನು ಕುಟ್ಟಿದರು. ಕೇರಿಯಿದ್ದ ಜಾಗದಲ್ಲಿ ಆ ಹೊತ್ತಿಗೆ ಟೆನಿಸ್ ಆಡುತ್ತಿದ್ದರು.

ಈಗ ನನಗೆ ಮೂರೇ ಕಾಲು. ನೆಲಮಾಳಿಗೆಯ ಗೋಡೆಗೆ ಒರಗಿದ್ದೇನೆ. ಮಧ್ಯಾಹ್ನ ಚಿಕ್ಕತಾಯಮ್ಮ ಇಲ್ಲಿ ಬುತ್ತಿ ಬಿಚ್ಚುತ್ತಾಳೆ. ಇಪ್ಪತ್ತು ವರ್ಷ ನನ್ನನ್ನು ತೊಳೆದು ಒರೆಸಿದವಳು, ನನ್ನ ಮೇಲೆ ಹಳೆಯ ಪೇಪರ್ ಹಾಸಿ, ಆಮೇಲೆ ಅನ್ನದ ಡಬ್ಬಿ ಇಡುತ್ತಾಳೆ.