ಹದಿನೇಳು ತೂತಿನ ಶಾಲೆಗೆ ಬಂದ ಹೆಚ್ಚಳ

ಸರ್ಕಾರ ನಮ್ಮ ಶಾಲೆಗೆ ಕೊಡುವ ಅನುದಾನವನ್ನು ಹೆಚ್ಚಿಸಿದಾಗಲೆಲ್ಲ ನನ್ನ ತರಗತಿ ಇನ್ನಷ್ಟು ಸೋರುತ್ತಿತ್ತು. ಇದು ಹೇಗೆ ಸಾಧ್ಯ ಎಂದು ಹೊರಗಿನವರು ಕೇಳುತ್ತಾರೆ. ಅವರಿಗೆ ನನ್ನ ದೊಡ್ಡಪ್ಪ ಗೊತ್ತಿಲ್ಲ, ಅಷ್ಟೆ.

ಸಮೋವಾದ ಸವಾಯಿ ದ್ವೀಪದಲ್ಲಿ, ಸಮುದ್ರಕ್ಕೆ ಮುಖ ಮಾಡಿ ಕೂತಿರುವ ಸಾಲೆವಾವ ನಮ್ಮ ಊರು. ಇಲ್ಲಿ ಪುಸ್ತಕ, ಸೀಮೆಸುಣ್ಣ, ನನ್ನ ಸಂಬಳ ಸರ್ಕಾರದ್ದು. ಶಾಲೆಯ ಗೋಡೆ, ನೆಲ, ಮಾಡು ಊರಿನದ್ದು. ಅಜ್ಜಂದಿರ ಕಾಲದಿಂದಲೂ ಅದೇ ಒಪ್ಪಂದ. ಶಾಲೆಗೆ ಹೆಡ್ಮಿಸ್ ನಾನೇ, ಮೂರನೇ ತರಗತಿಯ ಟೀಚರೂ ನಾನೇ. ಆ ತರಗತಿಯ ತಗಡಿನ ಮಾಡಿನಲ್ಲಿ ಹದಿನೇಳು ತೂತುಗಳಿದ್ದವು, ಒಂದೊಂದಕ್ಕೂ ನಂಬರಿತ್ತು. ತಗಡಿನ ಮೇಲೆ ಮಳೆಯ ಸದ್ದು ಕೇಳಿದ್ದೇ ತಡ, ಮಕ್ಕಳು ಪುಸ್ತಕವನ್ನು ಅಂಗಿಯೊಳಗೆ ತುರುಕಿಕೊಂಡು, ಯಾರೂ ಹೇಳದೆ ತಮ್ಮ ತಮ್ಮ ಒಣ ಜಾಗಕ್ಕೆ ಸರಿದುಬಿಡುತ್ತಿದ್ದರು. ಒಂಬತ್ತನೇ ತೂತು ನಿಮಿಷಕ್ಕೆ ಹನ್ನೆರಡು ಹನಿ ಬಿಟ್ಟರೆ ಐದು ನಿಮಿಷಕ್ಕೆ ಎಷ್ಟು ಎಂದರೆ ಬೆರಳು ಮಡಚದೆ ಉತ್ತರ ಹೇಳುತ್ತಿದ್ದರು. ಗುಣಾಕಾರದಲ್ಲಿ ಇಡೀ ಜಿಲ್ಲೆಗೆ ನಾವೇ ಮುಂದು. ಓದಿನಲ್ಲಿ ಮಾತ್ರ ಹಿಂದು, ಯಾಕೆಂದರೆ ಒಣಗಿದ ಪುಸ್ತಕ ಒಂದೂ ಇರಲಿಲ್ಲ.

ಮಾಡಿಗೆಂದು ಊರಿನ ಹೆಂಗಸರ ಸಂಘ ವರ್ಷವಿಡೀ ಚಂದಾ ಎತ್ತುತ್ತದೆ. ಇನ್ನೇನು ತಗಡು ತರಬೇಕು, ಅಷ್ಟರಲ್ಲಿ ಸರ್ಕಾರ ಅನುದಾನ ಹೆಚ್ಚಿಸುತ್ತದೆ. ಹೆಚ್ಚಳದ ಪತ್ರ ಕೊಡಲು ಜಿಲ್ಲಾ ಶಿಕ್ಷಣಾಧಿಕಾರಿ ಪೆನಿತಲ ಅವರು ಬಿಳಿ ಜೀಪಿನಲ್ಲಿ ಬರುತ್ತಾರೆ. ಬಂದ ಅತಿಥಿಯನ್ನು ಬರಿಗೈಯಲ್ಲಿ ಕಳಿಸಿದರೆ ಪಕ್ಕದ ಊರಿನವರು ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಹಾಗಾಗಿ ತಗಡಿನ ದುಡ್ಡು ಹಂದಿಯಾಗುತ್ತದೆ, ಪೆಟ್ಟಿಗೆಗಟ್ಟಲೆ ಡಬ್ಬಿ ಮೀನಾಗುತ್ತದೆ, ತಿಂಗಳುಗಟ್ಟಲೆ ಹೆಣೆದ ನವಿರಾದ ಚಾಪೆಯಾಗುತ್ತದೆ. ಮೊದಲ ಸಲ ಎರಡು ಹಂದಿ ಹೋದವು. ಎರಡನೇ ಸಲ ಹೆಚ್ಚಳ ಜಾಸ್ತಿ, ಆದ್ದರಿಂದ ಹಂದಿಯೂ ಜಾಸ್ತಿ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ ಇರಬೇಕು.

ಇದನ್ನೆಲ್ಲ ನಿಂತು ಮಾಡಿಸುವವರು ನನ್ನ ದೊಡ್ಡಪ್ಪ ತಗಲೋವ, ಊರಿನ ಮಾತುಗಾರ ಯಜಮಾನರು. ಆರಡಿ ಆಳು, ಕೈಯಲ್ಲಿ ಉದ್ದನೆಯ ದಂಡ, ಹೆಗಲ ಮೇಲೆ ತೆಂಗಿನ ನಾರಿನ ಚಾಮರ. ಊರಿನ ಪರವಾಗಿ ಮಾತಾಡುವುದೇ ಅವರ ಕೆಲಸ, ಮತ್ತು ಅವರು ಕೆಲಸಗಳ್ಳರಲ್ಲ. ಅವರ ಭಾಷಣದ ನಡುವೆ ಮನೆಗೆ ಹೋಗಿ ಉಂಡು ಬಂದವರಿದ್ದಾರೆ.

ಈ ವರ್ಷ ಫೆಬ್ರವರಿಯಲ್ಲಿ ಮೂರನೇ ಹೆಚ್ಚಳದ ಸುದ್ದಿ ಬಂತು. ಬರುವ ಗುರುವಾರ ಸಾಹೇಬರು ಬರುತ್ತಾರೆ. ಸಂಘದ ಹತ್ತಿರ ಮಾಡಿಗೆ ಸಾಕಾಗುವಷ್ಟು ದುಡ್ಡು ಕೂಡಿತ್ತು. ನಾನು ಶಾಲೆ ಬಿಟ್ಟವಳೇ ದೊಡ್ಡಪ್ಪನ ಮನೆಗೆ ಹೋದೆ. ಅವರು ಕಂಬಕ್ಕೆ ಒರಗಿ ಚಾಮರ ಬಾಚುತ್ತಿದ್ದರು.

"ದೊಡ್ಡಪ್ಪ, ಈ ಸಲ ಒಂದು ಎಳನೀರು ಕೊಟ್ಟು ಕಳಿಸಿಬಿಡೋಣ. ಸಾಕು."

"ಎಳನೀರಾ? ನೀನು ಟೀಚರ್ ಆಗಿರೋದು ಒಳ್ಳೇದಾಯ್ತು ಕಣೇ ಸಿಯೆನಿ. ಮಾತುಗಾರ್ತಿ ಆಗಿದ್ರೆ ಊರನ್ನೇ ಮಾರಿಬಿಡ್ತಿದ್ದೆ."

"ಮಾಡು ಸೋರ್ತಿದೆ."

"ಮಾಡು ಸೋರಿದ್ರೆ ನಮಗೆ ಗೊತ್ತಾಗತ್ತೆ. ಮರ್ಯಾದೆ ಸೋರಿದ್ರೆ ಎಲ್ಲರಿಗೂ ಗೊತ್ತಾಗತ್ತೆ."

"ಮಕ್ಕಳ ಪುಸ್ತಕ ನೋಡಿದೀರಾ? ಒಂದು ಪುಟ ತೆಗೆಯೋಕೆ ಹೋದ್ರೆ ಮೂರು ಪುಟ ಕಿತ್ಕೊಂಡು ಬರತ್ತೆ."

ಅವರು ಬಾಚುವುದನ್ನು ನಿಲ್ಲಿಸಿದರು. "ನೋಡು ಮಗಳೇ. ನಮ್ಮಪ್ಪನ ಕಾಲದಲ್ಲಿ ಸರ್ಕಾರಕ್ಕೆ ಈ ಊರು ಇದೆ ಅಂತಾನೇ ಗೊತ್ತಿರಲಿಲ್ಲ. ಈಗ ನಮ್ಮ ಮಕ್ಕಳನ್ನ ನೆನಪಿಟ್ಕೊಂಡು ಅಷ್ಟು ದೂರದಿಂದ ಬರ್ತಾರೆ. ನೆನಪಿಟ್ಕೊಂಡು ಬಂದೋರ್ನ ಬರಿಗೈಲಿ ಕಳಿಸ್ತೀಯಾ?"

ಅವರು ಹೇಳಿದ್ದೂ ಸರಿ ಅನ್ನಿಸಿ ನನಗೆ ಇನ್ನಷ್ಟು ಸಿಟ್ಟು ಬಂತು. ಮರುದಿನ ಬೆಳಿಗ್ಗೆ ತುಂಬಿದ ಬಸ್ಸು ಹತ್ತಿ, ನಮ್ಮಲ್ಲಿ ರೂಢಿಯಿರುವಂತೆ ಯಾರದೋ ಅಜ್ಜಿಯ ತೊಡೆಯ ಮೇಲೆ ಕೂತು, ಹಡಗುಕಟ್ಟೆಯ ಪೇಟೆಯಲ್ಲಿರುವ ಜಿಲ್ಲಾ ಕಚೇರಿಗೆ ಹೋದೆ.

ಪೆನಿತಲ ಸಾಹೇಬರು ಮೇಜನ್ನು ಮೂಲೆಗೆ ಸರಿಸಿ ಕೂತಿದ್ದರು. ಅವರ ಕಚೇರಿಯ ಮಾಡಿನಲ್ಲೂ ಒಂದು ತೂತಿತ್ತು. ಅದರ ಕೆಳಗೆ ಕಸದ ಬುಟ್ಟಿ ಇಟ್ಟಿದ್ದರು. ಹಿಂದಿನ ಜಗಲಿಯಲ್ಲಿ ರಿಪೇರಿಗೆಂದು ತರಿಸಿದ ಹೊಸ ತಗಡಿನ ಕಟ್ಟುಗಳು ಹೊಳೆಯುತ್ತಿದ್ದವು. ಅದನ್ನು ಹೊದಿಸಬೇಕಾದ ಬಡಗಿ ಹೋದ ಕ್ರಿಸ್‌ಮಸ್ಸಿಗೆ ಊರಿಗೆ ಹೋದವನು ಇನ್ನೂ ಬಂದಿರಲಿಲ್ಲವಂತೆ.

"ಸಾರ್, ದಯವಿಟ್ಟು ನಮ್ಮೂರಿಗೆ ಬರಬೇಡಿ," ಅಂದೆ.

ಅವರಿಗೆ ಬೇಜಾರಾಗುತ್ತದೆ ಅಂದುಕೊಂಡಿದ್ದೆ. ಆದರೆ ಸಂತೋಷಕ್ಕೆ ಅವರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ನನಗೇನು ಬರೋ ಆಸೆನಾ ಟೀಚರ್? ಡಾಕ್ಟರು ಹಂದಿ ಮುಟ್ಟಬೇಡಿ ಅಂದಿದಾರೆ. ನನ್ನ ಹೆಂಡ್ತಿ, ಇನ್ನೊಂದು ಚಾಪೆ ತಂದ್ರೆ ನೀವೇ ಹೊರಗೆ ಮಲಗಿ ಅಂದಿದಾಳೆ. ಆದ್ರೆ ಬರದೇ ಇದ್ರೆ ನಿಮ್ಮ ದೊಡ್ಡಪ್ಪ ಏನಂತಾರೆ?"

"ಅವಮಾನ ಅಂತಾರೆ."

"ಮತ್ತೆ? ಪತ್ರ ಅಂಚೆಗೆ ಹಾಕಿದ್ರೆ?"

"ಇನ್ನೂ ದೊಡ್ಡ ಅವಮಾನ ಅಂತಾರೆ."

ನಾನು ಹೊರಡಲು ಎದ್ದಾಗ ಅವರು ಗಾಬರಿಯಾಗಿ, "ತಡೀರಿ, ಹಾಗೇ ಹೋಗ್ತೀರಾ?" ಎಂದು ಗುಮಾಸ್ತ ಇಸೊಪೊನನ್ನು ಅಂಗಡಿಗೆ ಓಡಿಸಿದರು. ಅವನು ಒಂದು ಪೆಟ್ಟಿಗೆ ಡಬ್ಬಿ ಮೀನು, ಒಂದು ಡಬ್ಬ ಬಿಸ್ಕತ್ತು, ಮತ್ತು ಒಂದು ಡಬ್ಬಿ ನಿಂಬೆ ಸೋಡಾ ತಂದ. ಪದ್ಧತಿಯಂತೆ ಸೋಡಾ ಡಬ್ಬಿಯ ಬಾಯಿಗೆ ಇಪ್ಪತ್ತು ತಾಲಾದ ನೋಟು ಸಿಕ್ಕಿಸಿದ್ದ.

ಬಸ್ಸಿನಲ್ಲಿ ಮೀನಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಗೊಣಗಿದೆ. ಬರಬೇಡಿ ಎಂದು ಬೈಯಲು ಹೋದವಳಿಗೇ ಇಷ್ಟು ಕೊಟ್ಟು ಕಳಿಸಿದರಲ್ಲ, ಇವರಿಗೂ ಬುದ್ಧಿಯಿಲ್ಲ. ಅರ್ಧ ದಾರಿಯಲ್ಲಿ ನನ್ನ ಗೊಣಗಾಟ ನಿಂತಿತು. ಹೋದವಳು ನಾನೊಬ್ಬಳೇ. ಊರಿಗೆ ಊರೇ ಹೋಗಿದ್ದರೆ? ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು.

ನೇರ ದೊಡ್ಡಪ್ಪನ ಮನೆಗೆ ಹೋದೆ. "ದೊಡ್ಡಪ್ಪ, ನೀವು ಹೇಳಿದ್ದೇ ಸರಿ. ಅವರು ಬರೋವರೆಗೂ ಕಾಯೋದು ನಮ್ಮ ಸೊಕ್ಕು. ಮೂರು ಸಲ ಹೆಚ್ಚಿಸಿದಾರೆ. ನಾವೇ ಹೋಗಿ ಥ್ಯಾಂಕ್ಸ್ ಹೇಳ್ಬೇಕಲ್ವಾ? ಬುಧವಾರನೇ ಹೋಗಿಬಿಡೋಣ. ಮಕ್ಕಳನ್ನೆಲ್ಲ ಕರ್ಕೊಂಡು."

"ಪೇಟೆಗಾ?"

"ಪೇಟೆಗೆ."

"ಭಾಷಣ ಇರತ್ತಾ?"

"ನೀವು ಮಾತಾಡದೆ ಇನ್ಯಾರು ಮಾತಾಡ್ತಾರೆ?"

ದೊಡ್ಡಪ್ಪ ಅನುಮಾನದಿಂದ ನನ್ನ ಮುಖ ನೋಡಿದರು. ಆಮೇಲೆ ದೊಡ್ಡಮ್ಮನನ್ನು ಕೂಗಿ, ಸೊಂಟಕ್ಕೆ ಸುತ್ತುವ ಒಳ್ಳೆಯ ಲಾವಲಾವ ಇಸ್ತ್ರಿ ಮಾಡಲು ಹೇಳಿದರು.

ಬುಧವಾರ ಎರಡು ಬಸ್ಸು ಹೊರಟವು. ಎಂಬತ್ತಮೂರು ಮಕ್ಕಳು, ಸಂಘದ ಹೆಂಗಸರು, ದೊಡ್ಡಪ್ಪ, ಒಂದು ಚಾಪೆ ಮತ್ತು ಒಂದು ಮರಿಹಂದಿ. ಮರಿಹಂದಿ ಬೇಡವೆಂದು ನಾನು ಕೊನೆಯವರೆಗೂ ಜಗಳವಾಡಿದೆ. "ಹಂದಿ ಇಲ್ದೆ ನಾನು ಬಸ್ಸು ಹತ್ತಲ್ಲ," ಅಂದರು ದೊಡ್ಡಪ್ಪ. ಹಂದಿಗೇ ಮುಂದಿನ ಸೀಟು ಸಿಕ್ಕಿತು.

ನಾವು ಹಾಡುತ್ತ ಕಚೇರಿಯ ಮುಂದೆ ಇಳಿದಾಗ ಸಾಹೇಬರು ಕಿಟಕಿಯಿಂದ ಇಣುಕಿ, ಕಿಟಕಿ ಮುಚ್ಚಿ, ಮತ್ತೆ ತೆರೆದರು. ಎಂಬತ್ತಮೂರು ಮಕ್ಕಳು ಅಲ್ಲೇ ಇದ್ದರು. ಒಳಗೆ ಕುರ್ಚಿಗಳು ಉರುಳಿದ ಸದ್ದಾಯಿತು. ನಮ್ಮನ್ನು ದೊಡ್ಡ ಸಭಾಂಗಣಕ್ಕೆ ಕರೆದು ನೆಲದ ಮೇಲೆ ಕೂರಿಸಿದರು.

ಈಗ ಅವರ ಕಡೆಯಿಂದ ಮಾತಾಡುವವರು ಯಾರು? ಸಾಹೇಬರಿಗೆ ಮೈಕು ಕಂಡರೆ ಬಿಕ್ಕಳಿಕೆ. ಆಗ ಇಸೊಪೊ ಎದ್ದ. ಹದಿನೆಂಟು ವರ್ಷ ಅರ್ಜಿಗಳಿಗೆ ಮೊಹರು ಒತ್ತಿದ ಇಸೊಪೊ ತನ್ನ ಊರಿನಲ್ಲಿ ಮಾತುಗಾರ ಯಜಮಾನನಂತೆ. ದಂಡವಿಲ್ಲವೆಂದು ನೆಲ ಒರೆಸುವ ಕೋಲು ಹಿಡಿದ. ಚಾಮರವಿಲ್ಲವೆಂದು ಧೂಳು ಹೊಡೆಯುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. ಬಾಯಿ ತೆರೆದ. ಅವನ ಬಾಯಿಂದ ಬೆಟ್ಟಗಳೂ ಪೂರ್ವಿಕರೂ ಅಲೆಗಳೂ ಸಾಲುಗಟ್ಟಿ ಬಂದವು. ಸಾಹೇಬರು ಬೆರಗಾಗಿ ನೋಡುತ್ತಿದ್ದರು. ಇಷ್ಟು ವರ್ಷ ಈ ಮನುಷ್ಯನ ಬಾಯಿಂದ ಅವರು ಕೇಳಿದ್ದು "ನಾಳೆ ಬನ್ನಿ" ಎಂಬ ಎರಡೇ ಮಾತು.

ದೊಡ್ಡಪ್ಪನಿಗೆ ಸರಿಯಾದ ಜೋಡಿ ಸಿಕ್ಕಿತು. ಇಬ್ಬರೂ ಒಂದೂವರೆ ಗಂಟೆ ಪರಸ್ಪರ ಹೊಗಳಿಕೊಂಡರು. ಹಂದಿ ನಿದ್ದೆ ಹೋಯಿತು. ಕೊನೆಗೆ ದೊಡ್ಡಪ್ಪ ಚಾಪೆ ಮತ್ತು ಹಂದಿಯನ್ನು ಒಪ್ಪಿಸಿದರು. ಈಗ ಕೊಡುವ ಸರದಿ ಅವರದು.

ಗುಮಾಸ್ತರು ಓಡಾಡತೊಡಗಿದರು. ಕೊಡುವುದನ್ನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಬೇಕು. ಇಸೊಪೊ ಬಾಗಿಲಲ್ಲಿ ನಿಂತು ಕೂಗಿದ: "ಸಾಲೆವಾವದ ಗೌರವಾನ್ವಿತರೇ, ಕೇಳಿ. ಆರು ಪೆಟ್ಟಿಗೆ ಸೀಮೆಸುಣ್ಣ ಬಂತು. ಒಂದು ಗೋಡೆ ಗಡಿಯಾರ ಬಂತು, ಹತ್ತು ನಿಮಿಷ ಹಿಂದೆ ಓಡತ್ತೆ. ಮೂರು ತಿರುಗೋ ಕುರ್ಚಿ ಬಂತು, ಒಂದು ತಿರುಗಲ್ಲ. ಪಿನ್ನು ಹೊಡೆಯೋ ಮಿಷನ್ನು ಬಂತು."

ನಾನು ಮೂರನೇ ತರಗತಿಗೆ ಕಣ್ಣು ಮಿಟುಕಿಸಿದೆ. ಅವರು ಎದ್ದು ನಾನು ಕಲಿಸಿದ ಹಾಡು ಹೇಳಿದರು. ಒಂದನೇ ತೂತಿನಿಂದ ಹದಿನೇಳನೇ ತೂತಿನವರೆಗೆ, ಒಂದೊಂದಕ್ಕೂ ಒಂದು ಚರಣ. ಹನ್ನೊಂದನೇ ಚರಣಕ್ಕೆ ಸಾಹೇಬರು ಎದ್ದುಬಿಟ್ಟರು. ಇಸೊಪೊನ ಕಿವಿಯಲ್ಲಿ ಏನೋ ಹೇಳಿದರು.

"ಕೇಳಿ," ಎಂದು ಇಸೊಪೊ ಕೂಗಿದ. "ಹಿಂದಿನ ಜಗಲಿಯ ತಗಡು ಬಂತು. ಎಲ್ಲಾ ಕಟ್ಟೂ ಬಂತು."

ನನ್ನ ಎದೆ ಹಗುರಾಯಿತು, ಆದರೆ ಒಂದೇ ಕ್ಷಣ. ದೊಡ್ಡಪ್ಪ ಎದ್ದು ನಿಂತಿದ್ದರು. ಕೊಟ್ಟದ್ದು ಅತಿಯಾಯಿತು ಅನ್ನಿಸಿದರೆ ಅದನ್ನು ಹಿಂದಿರುಗಿಸಿ ದೊಡ್ಡತನ ಮೆರೆಯುವುದೂ ಪದ್ಧತಿಯೇ. ದೊಡ್ಡಪ್ಪನಿಗೆ ಮೆರೆಯುವುದೆಂದರೆ ಪ್ರಾಣ.

"ಸಾಹೇಬರೇ," ಅಂದರು, "ನಿಮ್ಮ ತಲೆ ಮೇಲಿನ ಮಾಡನ್ನೇ ತೆಗೆದು ಕೊಡ್ತಿದೀರಿ. ಇಷ್ಟು ದೊಡ್ಡದನ್ನ ತಗೊಂಡು ಹೋದ್ರೆ ಸಾಲೆವಾವ ಹೇಗೆ ತಲೆಯೆತ್ತಿ..."

ನಾನು ಅವರ ಲಾವಲಾವದ ಅಂಚನ್ನು ಹಿಡಿದು ಜಗ್ಗಿದೆ. ಅವರು ಲೆಕ್ಕಿಸಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನನಗೆ ಅಳುವೇ ಬಂತು.

ಆಗ ಮಳೆ ಬಂತು. ಕಚೇರಿಯ ತಗಡಿನ ಮೇಲೆ ಒಮ್ಮೆಲೇ ಸದ್ದಾಯಿತು. ನನ್ನ ಮೂರನೇ ತರಗತಿಯ ಮಕ್ಕಳು ಹಾಡಿನ ಹಾಳೆಯನ್ನು ಅಂಗಿಯೊಳಗೆ ತುರುಕಿಕೊಂಡರು. ಯಾರೂ ಹೇಳದೆ ಗೋಡೆಗೆ ಸರಿದು ಒತ್ತಿಕೊಂಡು, ಇಬ್ಬರಿಬ್ಬರಾಗಿ, ಮೂರು ಮೂರು ಮಂದಿಯಾಗಿ ನಿಂತುಬಿಟ್ಟರು. ಆ ಸಭಾಂಗಣದಲ್ಲಿ ಒಂದು ಹನಿಯೂ ಬೀಳುತ್ತಿರಲಿಲ್ಲ. ಆದರೂ ಅವರು ನಿಂತೇ ಇದ್ದರು, ಎದೆಯ ಮೇಲೆ ಕೈ ಅಡ್ಡ ಹಿಡಿದು, ಮಳೆ ನಿಲ್ಲಲೆಂದು ಕಾಯುತ್ತ.

ದೊಡ್ಡಪ್ಪ ಅವರನ್ನೇ ನೋಡಿದರು. ಅವರ ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ನಾನು ಹುಟ್ಟಿದಾಗಿನಿಂದ ಅವರಿಗೆ ಮಾತು ಬಾರದ್ದನ್ನು ಕಂಡಿರಲಿಲ್ಲ, ನನಗೆ ಹೆದರಿಕೆಯಾಯಿತು.

"ದಿನಾ ಹೀಗೇ ನಿಲ್ತಾವಾ?" ಎಂದು ನನ್ನನ್ನು ಮೆಲ್ಲಗೆ ಕೇಳಿದರು.

"ಮಳೆ ಬಂದ ದಿನ."

ಅವರು ಸಾಹೇಬರ ಕಡೆ ತಿರುಗಿದರು. "ತಗಡು ತಗೊಂಡು ಹೋಗ್ತೀವಿ. ಪಿನ್ನು ಹೊಡೆಯೋ ಮಿಷನ್ನು ವಾಪಸ್ ಕೊಡ್ತೀವಿ," ಅಂದು ಕೂತುಬಿಟ್ಟರು. ಅವರ ಜೀವಮಾನದ ಅತಿ ಚಿಕ್ಕ ಭಾಷಣ ಅದು.

ಮರುದಿನ ಸಾಹೇಬರು ಪತ್ರ ಹಿಡಿದು ಬಂದರು. ಎಳನೀರು ಕೊಟ್ಟೆವು. ಸಂಘದವರು ಕೂಡಿಟ್ಟ ದುಡ್ಡಿನಲ್ಲಿ ಬಡಗಿಗಳನ್ನು ಹಿಡಿದು ನಮ್ಮ ಮಾಡನ್ನೂ ಹೊದಿಸಿದರು, ಉಳಿದ ತಗಡಿನಲ್ಲಿ ಸಾಹೇಬರ ಕಚೇರಿಯ ಮಾಡಿನ ತೂತನ್ನೂ ಮುಚ್ಚಿ ಬಂದರು. ಮರಿಹಂದಿ ಕಚೇರಿಯಲ್ಲೇ ಉಳಿಯಿತು. ಅದೀಗ ಇಸೊಪೊನ ಕಿಟಕಿಯ ಕೆಳಗೆ ಮಲಗುತ್ತದೆ, ಅರ್ಜಿ ತಂದವರು ದಾಟಿಕೊಂಡು ಹೋಗಬೇಕು.

ಹೊಸ ಮಾಡಿನ ಮೇಲೆ ಮೊದಲ ಮಳೆ ಬಿದ್ದ ದಿನ ಮಕ್ಕಳು ಮತ್ತೆ ಎದ್ದರು. ಪುಸ್ತಕ ಅಂಗಿಯೊಳಗೆ ಹೋಯಿತು, ಎಲ್ಲರೂ ಗೋಡೆಗೆ ಸರಿದರು. ಸೋರಲ್ಲ, ಕೂತ್ಕೊಳ್ಳಿ ಎಂದು ನಾನು ಎಷ್ಟು ಹೇಳಿದರೂ ನಂಬಲಿಲ್ಲ. ಆಗ ದೊಡ್ಡಪ್ಪ ಮಳೆಯಲ್ಲಿ ನೆನೆಯುತ್ತ ಒಳಗೆ ಬಂದರು. ನನ್ನ ಕಡೆ ನೋಡದೆ, ಒಂಬತ್ತನೇ ತೂತಿದ್ದ ಜಾಗದ ಕೆಳಗಿನ ಪುಟ್ಟ ಬೆಂಚಿನ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವಂತೆ ಮುದುಡಿ ಕೂತರು. ಚಾಮರವನ್ನು ಒರೆಸಿ ತೊಡೆಯ ಮೇಲಿಟ್ಟುಕೊಂಡರು. ಐದು ನಿಮಿಷ ಕಳೆದ ಮೇಲೆ ಒಬ್ಬಳು ಬಂದು ಅವರ ಪಕ್ಕ ಕೂತು ಪುಸ್ತಕ ತೆಗೆದಳು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಂದು ಕೂತರು.