ಹಳೆಯ ಎಣ್ಣೆಯ ಮೇಲೆ ಹೊಸ ಎಣ್ಣೆ

ನನ್ನ ತಮ್ಮ ಮುರಳೀಧರನಿಗೆ ಬುದ್ಧಿ ಇಲ್ಲವೆಂದು ನಾನು ಎಂದೂ ಹೇಳಿಲ್ಲ. ಇದೆ. ಬಳಸಿದರೆ ಸವೆದುಹೋದೀತೆಂದು ಜೋಪಾನವಾಗಿ ಎತ್ತಿಟ್ಟಿದ್ದಾನೆ, ಅಷ್ಟೆ. ಮಾಧವರಂನಲ್ಲಿ ಅವನ ಲಾರಿ ಶೆಡ್ಡು, ಮೈಲಾಪೂರಿನಲ್ಲಿ ಮನೆ. ಅದೇ ಮನೆಯ ಮಹಡಿಯ ಮೇಲೆ ನಾನು, ಅಂಬುಜಾ, ಅವನ ಅಕ್ಕ. ವಿಮೆ ಕಂಪನಿಯ ಮೋಟಾರ್ ವಿಭಾಗದಲ್ಲಿ ಕೂತು, ನಜ್ಜುಗುಜ್ಜಾದ ಲಾರಿಗಳ ಫೋಟೋ ನೋಡುತ್ತಲೇ ನಿವೃತ್ತಳಾದವಳು. ಗಂಡಸರ ಅವಿವೇಕಕ್ಕೆ ಎಷ್ಟು ಬಗೆಯ ಆಕಾರಗಳಿವೆ ಎಂಬುದು ನನಗೆ ಆ ಫೋಟೋಗಳಿಂದಲೇ ಗೊತ್ತು.

ಈ ಸಲದ ಅವಿವೇಕ ಶುರುವಾದದ್ದು ಅವನ ಮಗ ಗುರುಚರಣನಿಂದ. ಅವನು ಮ್ಯಾನೇಜ್‌ಮೆಂಟ್ ಓದಿದ್ದಾನೆ. ಅಂದರೆ ಲಾರಿಯ ಬಾನೆಟ್ ಎತ್ತಲು ಬರುವುದಿಲ್ಲ, ಆದರೆ ಅದರ ವಿಷಯವಾಗಿ ಒಂದು ಗಂಟೆ ಮಾತಾಡಬಲ್ಲ. ಅಪ್ಪನ ಉಪದೇಶ ತಪ್ಪಿಸಿಕೊಳ್ಳಲು ವೇಲಚೇರಿಯಲ್ಲಿ ಬೇರೆ ಫ್ಲ್ಯಾಟ್ ಮಾಡಿಕೊಂಡು, ಶನಿವಾರ ಬಂದು ಅಪ್ಪನಿಗೇ ಉಪದೇಶ ಮಾಡುತ್ತಾನೆ. ಯಾವುದೋ ವಿಡಿಯೋ ನೋಡಿದನಂತೆ.

"ಅಪ್ಪ, ಎಲ್ಲಾ ಸಿಂಥೆಟಿಕ್ ಮಾಡ್ಬಿಡೋಣ. ಪವರ್ ಸ್ಟೀರಿಂಗ್, ಗೇರ್‌ಬಾಕ್ಸ್, ಎಲ್ಲಾನೂ. ಇನ್ನೂ ಹಳೇ ಎಣ್ಣೆ ಹಾಕ್ಕೊಂಡು ಕೂತ್ರೆ ಫ್ಲೀಟ್ ಅಂತ ಹೇಳ್ಕೊಳ್ಳೋಕೇ ನಾಚ್ಕೆ, ಅಸಿಂಗ."

ಸಿಂಥೆಟಿಕ್ ಎಣ್ಣೆಯ ಮೇಲೆ ನನಗೆ ಸಿಟ್ಟಿಲ್ಲ. ಚೆನ್ನೈಯ ಬಿಸಿಲಿಗೆ ಅದು ನೀರಾಗುವುದಿಲ್ಲ, ಬೇಗ ಕೆಡುವುದೂ ಇಲ್ಲ. ಪಾಪ, ಅದು ತನ್ನ ಪಾಡಿಗೆ ಒಳ್ಳೆಯ ಎಣ್ಣೆ. ನನ್ನ ತಮ್ಮನ ಶೆಡ್ಡಿಗೆ ಬಂದದ್ದೊಂದೇ ಅದರ ಗ್ರಹಚಾರ.

ಡಬ್ಬಿಗಳು ಬಂದದ್ದು ಶುಕ್ರವಾರ. ಅರಿಶಿನ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ ಆಯಿತು. ಕರ್ಪೂರ ಆರುವ ಮೊದಲೇ ಗುರು ಅವುಗಳ ಫೋಟೋ ತೆಗೆದು ಊರಿಗೆಲ್ಲ ಕಳಿಸಿದ. ಡಬ್ಬಿಯ ಹಿಂಭಾಗದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: ಹಳೆಯ ಎಣ್ಣೆಯನ್ನು ಪೂರ್ತಿ ತೆಗೆಯಿರಿ, ಬೇರೆ ಜಾತಿಯ ಎಣ್ಣೆಯೊಂದಿಗೆ ಬೆರೆಸಬೇಡಿ. ಅವನು ತೆಗೆದದ್ದು ಮುಂಭಾಗದ ಫೋಟೋ.

ಮೊದಲ ಲಾರಿಯ ಸ್ಟೀರಿಂಗ್ ಟ್ಯಾಂಕಿನಿಂದ ಮೆಕ್ಯಾನಿಕ್ ಹಳೆಯ ಎಣ್ಣೆ ಇಳಿಸತೊಡಗಿದ. ಅರ್ಧ ಇಳಿಯುವಷ್ಟರಲ್ಲಿ ಮುರಳಿ "ಸಾಕು, ಸಾಕು!" ಎಂದು ಕೂಗಿದ.

ನಮ್ಮ ಮನೆಗಳಲ್ಲಿ ಒಂದು ಪದ್ಧತಿಯಿದೆ. ಅಕ್ಕಿ ಡಬ್ಬಿ, ಉಪ್ಪಿನ ಭರಣಿ, ಎಣ್ಣೆ ಜಾಡಿ, ಇವುಗಳನ್ನು ಪೂರ್ತಿ ಬರಿದು ಮಾಡುವುದಿಲ್ಲ. ತಳದಲ್ಲಿ ಸ್ವಲ್ಪ ಇರುವಾಗಲೇ ಅದರ ಮೇಲೆ ಹೊಸದನ್ನು ಸುರಿಯುತ್ತೇವೆ. ಶುಕ್ರವಾರವಂತೂ ಮನೆಯ ಎಣ್ಣೆ ಹೊರಗೆ ಹೋಗಬಾರದು. ಅಮ್ಮ ಅಡುಗೆಮನೆಯಲ್ಲಿ ನಡೆಸಿಕೊಂಡು ಬಂದದ್ದನ್ನು ಈ ಮಹಾನುಭಾವ ಹನ್ನೆರಡು ಟನ್ನಿನ ಲಾರಿಗೂ ಅಂಟಿಸಿದ.

"ಪೂರ್ತಿ ಎಡುಕ್ಕ ವೇಂಡಾಮಾ ಸಾರ್?" ಪೂರ್ತಿ ತೆಗೆಯುವುದು ಬೇಡವೇ ಎಂದು ಮೆಕ್ಯಾನಿಕ್ ಒಂದು ಸಲ ಕೇಳಿದ. ಮುರಳಿ ಬೇಡವೆಂದ. ಸಂಬಳ ಕೊಡುವವರ ಮಾತೇ ಶಾಸ್ತ್ರವೆಂದು ಅವನು ಹಳೆಯದರ ಮೇಲೆಯೇ ಹೊಸದನ್ನು ಸುರಿದ.

"ಡಬ್ಬಿ ಮೇಲೆ ಬೆರೆಸ್ಬೇಡಿ ಅಂತ ಬರ್ದಿದೆ ಕಣೋ," ಎಂದೆ ನಾನು.

"ಅಕ್ಕ, ನೀನು ಪೇಪರ್ ನೋಡ್ದೋಳು. ನಾನು ಗಾಡಿ ನೋಡ್ದೋನು. ಎಣ್ಣೆಗೆ ಎಣ್ಣೆ ಸೇರತ್ತೆ ಬಿಡು."

ಹೇಳುವಷ್ಟು ಹೇಳಿ ನಾನು ಪ್ರಸಾದದ ಬಾಳೆಹಣ್ಣು ತಿಂದೆ.

ಇದೇ ಲಾರಿಯ ಮೇಲೆ ಇನ್ನೊಬ್ಬರ ಕಣ್ಣಿತ್ತು. ಮುರಳಿಯ ಮಗಳು ವಿಭಾ, ಗುರುವಿನ ಅಕ್ಕ. ಪೆರಂಬೂರಿನ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತು, ಹೆವಿ ಲೈಸೆನ್ಸ್ ತೆಗೆದುಕೊಂಡು, ಶ್ರೀಪೆರಂಬದೂರಿಗೆ ಬಿಡಿಭಾಗ ಸಾಗಿಸುವ ಟ್ರಿಪ್ಪನ್ನು ನನಗೆ ಕೊಡಿ ಎಂದು ಅಪ್ಪನ ಹಿಂದೆ ಬಿದ್ದಿದ್ದಳು. ಅವಳಿಗೆ ಚಿಕ್ಕಂದಿನಿಂದ ಬೇಕಾದದ್ದು ಅದೊಂದೇ. ಮುರಳಿ ಬೇಡವೆನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ಕೊನೆಗೆ ದೊಡ್ಡ ನ್ಯಾಯಾಧೀಶನ ಗತ್ತಿನಲ್ಲಿ ಒಂದು ಷರತ್ತು ಹಾಕಿದ. ಆಯುಧಪೂಜೆಯ ದಿನ ಎಲ್ಲರ ಎದುರಿಗೆ ಈ ಲಾರಿಯನ್ನು ಅಂಗಳದಲ್ಲಿ ಒಂದು ಸುತ್ತು ಹಾಕಿಸಿ, ಗೇಟಿನ ಬಳಿ ತಿರುಗಿಸಿ, ಹಿಂದಕ್ಕೆ ತಂದು ಲೋಡಿಂಗ್ ಕಟ್ಟೆಗೆ ನಿಲ್ಲಿಸಬೇಕು. ಗೆದ್ದರೆ ಟ್ರಿಪ್ ಅವಳದು. ಸೋತರೆ ಲೈಸೆನ್ಸ್ ಅಪ್ಪನ ಕೈಗೆ ಕೊಟ್ಟು, ಮತ್ತೆ ಆ ಮಾತೆತ್ತಬಾರದು. ವಿಭಾ ಒಪ್ಪಿದಳು.

ಗುರುವಿಗೆ ಯಾವ ಕೆಲಸಕ್ಕೂ ಯಾರೂ ಪರೀಕ್ಷೆ ಇಟ್ಟದ್ದಿಲ್ಲ. ಇಟ್ಟಿದ್ದರೆ ಅವನು ಇನ್ನೂ ಒಂದನೇ ಕ್ಲಾಸಿನಲ್ಲಿರುತ್ತಿದ್ದ.

ಆಯುಧಪೂಜೆಯ ದಿನ ಶೆಡ್ಡಿನಲ್ಲಿ ಪಂದಲ್, ಅಂದರೆ ಬಟ್ಟೆಯ ಚಪ್ಪರ, ಹಾಕಿದ್ದರು. ಲಾರಿಗಳಿಗೆ ಬಾಳೆಕಂದು, ಚೆಂಡುಹೂ. ನೆಂಟರು, ಡ್ರೈವರುಗಳು, ಅವರ ಮನೆಯವರು ಕಡಲೆಯ ಸುಂಡಲ್ ತಿನ್ನುತ್ತ ಕೂತಿದ್ದರು. ವಿಭಾ ಸ್ಟೀರಿಂಗಿಗೆ ಕೈಮುಗಿದು, ಚಕ್ರದಡಿಯ ನಿಂಬೆಹಣ್ಣು ಹಿಚುಕಿ ಹೊರಟಳು. ನೇರ ದಾರಿಯಲ್ಲಿ ಲಾರಿ ಚೆನ್ನಾಗಿಯೇ ಹೋಯಿತು. ಗೇಟಿನ ಬಳಿ ತಿರುಗಿಸಹೋದಾಗ ಒಳಗಿನಿಂದ ಎಮ್ಮೆ ನರಳಿದಂಥ ಸದ್ದು ಬಂತು. ಅವಳು ಎರಡೂ ಕೈಯಿಂದ ಎಳೆದಳು, ಸೀಟಿನಿಂದ ಮೇಲೆದ್ದು ಎಳೆದಳು. ಸ್ಟೀರಿಂಗ್ ಅರ್ಧಕ್ಕೆ ನಿಂತಿತು. ಲಾರಿಯೂ ನಿಂತಿತು. ಪಂದಲ್ ಕೆಳಗೆ ಯಾರೋ ನಕ್ಕರು.

ಅವಳು ಇಳಿದು ಬಂದಳು. ಮುಖ ಕೆಂಪಾಗಿತ್ತು.

"ಅಪ್ಪ, ಸ್ಟೀರಿಂಗ್ ಸರಿಯಿಲ್ಲ. ಸೌಂಡ್ ಕೇಳ್ಲಿಲ್ವಾ? ಒಂದ್ಸಲ ಟ್ಯಾಂಕ್ ತೆಗ್ದು ನೋಡಿ, ಪ್ಲೀಸ್."

"ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ," ಎಂದ ಮುರಳಿ, ನೆಂಟರಿಗೆಲ್ಲ ಕೇಳುವ ಹಾಗೆ. "ಲಾರಿ ಅಂದ್ರೆ ಸ್ಕೂಟಿ ಅಲ್ಲಮ್ಮ, ತೋಳಲ್ಲಿ ಬಲ ಬೇಕು. ಲೈಸೆನ್ಸ್ ಕೊಡು."

ವಿಭಾ ಕೊಟ್ಟಳು. ಕೊಟ್ಟ ಮಾತಿಗೆ ತಪ್ಪುವವಳಲ್ಲ, ಅವಳು ಅಪ್ಪನ ಹಾಗಲ್ಲ. ಅವನು ಅದನ್ನು ಜೇಬಿಗೆ ಹಾಕಿಕೊಂಡ. ನನಗೆ ಮೈ ಉರಿದುಹೋಯಿತು.

"ಸರಿ ಮುರಳಿ," ಎಂದೆ. "ಮಗಳಿಗೆ ಬರ್ಲಿಲ್ಲ. ನೀನು ತೋರಿಸ್ಕೊಡು."

ಅಷ್ಟು ಜನರ ಎದುರಿಗೆ ಆಗದೆನ್ನಲು ಅವನಿಗೆ ಬಾಯಿ ಬರಲಿಲ್ಲ. ಪಂಚೆ ಎತ್ತಿ ಕಟ್ಟಿ ಹತ್ತಿದ. ವಯಸ್ಸಿನಲ್ಲಿದ್ದಾಗ ಲಾರಿ ಓಡಿಸಿದವನೇ, ಅದನ್ನು ದಿನಕ್ಕೊಂದು ಸಲ ಹೇಳುವವನೇ. ಲಾರಿಯನ್ನು ಹಿಂದಕ್ಕೆ ತೆಗೆದು, ಮುಂದಕ್ಕೆ ಬಿಟ್ಟು, ತಿರುಗಿಸಹೋದ. ಎಮ್ಮೆ ಮತ್ತೆ ನರಳಿತು. ಮುರಳಿ ಎಳೆದ, ಹಲ್ಲು ಕಚ್ಚಿದ, ದೇವರನ್ನು ಕರೆದ. ಗುರು ಇನ್ನೊಂದು ಕಡೆಯ ಬಾಗಿಲಿನಿಂದ ಹತ್ತಿ ತಾನೂ ಕೈಹಾಕಿದ. ಅಪ್ಪ ಮಗ ಇಬ್ಬರೂ ಒಂದೇ ಸ್ಟೀರಿಂಗಿಗೆ ಜೋತುಬಿದ್ದರು, ಬ್ರೇಕಿನ ನೆನಪು ಇಬ್ಬರಿಗೂ ಇರಲಿಲ್ಲ. ಲಾರಿ ಮೆಲ್ಲಗೆ ಬಂದು ಪಂದಲ್‌ ಕಂಬಕ್ಕೆ ಗುದ್ದಿತು. ಬಟ್ಟೆಯೆಲ್ಲ ನೆಂಟರ ತಲೆಯ ಮೇಲೆ ಕುಸಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ಸುಂಡಲ್ ಮಾತ್ರ ನೆಲದ ಪಾಲಾಯಿತು.

ಮುರಳಿ ಬೆವರೊರೆಸುತ್ತ ಇಳಿದು ಬಂದು ಗಂಭೀರವಾಗಿ ಹೇಳಿದ: "ಗಾಡೀಲೇ ಏನೋ ದೋಷ ಇದೆ."

ಆಗ ಟ್ಯಾಂಕಿನ ಮುಚ್ಚಳ ತೆಗೆಯಲು ಅಪ್ಪಣೆಯಾಯಿತು. ಒಳಗೆ ಎಣ್ಣೆಯೇ ಇರಲಿಲ್ಲ ಎನ್ನಬೇಕು, ಹೋಟೆಲ್ ಕಾಫಿಯ ಹಾಗೆ ಬರೀ ನೊರೆ. ಎರಡು ಜಾತಿಯ ಎಣ್ಣೆ ಒಂದಕ್ಕೊಂದು ಸೇರದೆ, ಗಾಳಿ ತುಂಬಿಕೊಂಡು, ಪಂಪು ಒತ್ತಡ ಕಳೆದುಕೊಂಡಿತ್ತು. ಪೈಪಿನ ಸೀಲುಗಳು ಊದಿ ಎಣ್ಣೆ ಒಸರುತ್ತಿತ್ತು. ಹೆದ್ದಾರಿಯಲ್ಲಿ ಹೀಗಾಗಿದ್ದರೆ ಈ ಲಾರಿಯದೂ ಒಂದು ಫೋಟೋ ಯಾರದೋ ಮೇಜಿನ ಮೇಲೆ ಬೀಳುತ್ತಿತ್ತು.

ವಿಭಾ ಒಂದೇ ಪ್ರಶ್ನೆ ಕೇಳಿದಳು: "ನಾನು ಹೇಳಿದಾಗ ಯಾಕಪ್ಪ ನೋಡ್ಲಿಲ್ಲ?"

ನಾನು ತಮ್ಮನ ಜೇಬಿಗೆ ಕೈಹಾಕಿ ಲೈಸೆನ್ಸ್ ತೆಗೆದು ಅವಳ ಕೈಗೆ ಕೊಟ್ಟೆ. ಅವನು ತಡೆಯಲಿಲ್ಲ.

ಆಮೇಲೆ ಟ್ಯಾಂಕು, ಪೈಪು ಎಲ್ಲ ಬರಿದು ಮಾಡಿ, ತೊಳೆದು, ಸೀಲು ಬದಲಿಸಿ, ಬರೀ ಹೊಸ ಎಣ್ಣೆ ತುಂಬಿದರು. ಲಾರಿ ಸರಿಹೋಯಿತು. ನನ್ನ ತಮ್ಮ ಸರಿಹೋಗಲಿಲ್ಲ. ನುಂಗಂಬಾಕ್ಕಂನ ಭಾವಮೈದುನನಿಗೆ ಫೋನಿನಲ್ಲಿ ಹೇಳುತ್ತಿದ್ದ: "ನನ್ನ ಕೈಲೇ ತಿರುಗ್ಸೋಕಾಗ್ಲಿಲ್ಲ ಅಂದ್ರೆ ನೋಡಿ, ಎಂಥಾ ದೋಷ ಇರ್ಬೇಕು!" ಆ ಕತೆಯಲ್ಲಿ ಮಗಳ ಹೆಸರೇ ಬರಲಿಲ್ಲ. ವಿಭಾ ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು. ಅವಳ ಮುಖ ನೋಡಿ ನನಗೆ ಸಂಕಟವಾಯಿತು.

ಮುಂದಿನ ಸೋಮವಾರ ಮುರಳಿ ಶೆಡ್ಡಿನಲ್ಲಿ ಅವಳಿಗೆ ಕೀ ಕೊಟ್ಟ. ಕೊಡುವಾಗಲೂ ಧಾರಾಳವೇನಿರಲಿಲ್ಲ. "ಈಗ ಹಗುರವಾಗಿದೆ, ನೀನೂ ಓಡಿಸ್ಬಹುದು. ಆದ್ರೂ ಒಬ್ಳೇ ಬೇಡ. ಗುರು ಪಕ್ಕದಲ್ಲಿ ಕೂತು ನೋಡ್ಕೋತಾನೆ."

ಗುರು ಕಪ್ಪು ಕನ್ನಡಕ ಹಾಕಿಕೊಂಡು ಹತ್ತಿ ಕೂತ. ವಿಭಾ ಲಾರಿ ಹೊರಡಿಸಿ, ಗೇಟಿನ ಬಳಿ ನಿಲ್ಲಿಸಿದಳು. ಕಿಟಕಿ ತೆರೆದಿತ್ತು, ನಮಗೆಲ್ಲ ಕೇಳಿಸಿತು.

"ಗುರು, ನಿನ್ ಹತ್ರ ಹೆವಿ ಲೈಸೆನ್ಸ್ ಇದ್ಯಾ?"

"ಇಲ್ಲ... ಕಾರ್‌ದು ಇದೆ. ಯಾಕೆ?"

"ಇಳಿ."

ಅವನು ಅಪ್ಪನ ಕಡೆ ನೋಡಿದ, ಅಕ್ಕನ ಕಡೆ ನೋಡಿದ, ಇಳಿದ. ಲಾರಿ ಸದ್ದಿಲ್ಲದೆ ಒಂದೇ ಸಲಕ್ಕೆ ರಸ್ತೆಗೆ ತಿರುಗಿ ಹೊರಟುಹೋಯಿತು.

"ಯಾಕೋ ಇಳ್ದೆ?" ಎಂದು ಮುರಳಿ ಕೂಗಿದ. ಮಗ ಕಪ್ಪು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಮುರಳಿ ನನ್ನ ಮುಖ ನೋಡಿದ. ನಾನು ಹೋಗಿ ಗೇಟು ಮುಚ್ಚಿದೆ.