ಗಾದಿಲಿಂಗಪ್ಪ ರೊಟ್ಟಿ ಬಡಿದದ್ದು

ಹೊಗೆ ಈ ಸಲವೂ ಬಾಗಿಲು ಬಿಟ್ಟು ಅವನ ಕಣ್ಣಿಗೇ ಬಂತು, ಇಷ್ಟು ವರ್ಷ ಡೀಸೆಲ್ ಹೊಗೆ ಕುಡಿದವನಿಗೆ ಜಾಲಿ ಕಟ್ಟಿಗೆಯ ಹೊಗೆ ಏನು ಮಹಾ ಎಂದುಕೊಂಡು ಗಾದಿಲಿಂಗಪ್ಪ ಕಣ್ಣೊರೆಸಿಕೊಂಡ, ಜೋಳದ ಹಿಟ್ಟು ಹುಬ್ಬಿಗೆ ಹತ್ತಿತು — ಈ ಹೊತ್ತಿಗೆ ಅವನು ಕುಷ್ಟಗಿ ಬಿಟ್ಟು ಯಲಬುರ್ಗಾದ ದಾರಿಯಲ್ಲಿ ಹಾರ್ನ್ ಹೊಡೆಯುತ್ತಿರಬೇಕು, ಆದರೆ ದೇಶದ ರೊಕ್ಕಕ್ಕೆ ಬೆಲೆಯೇ ಇಲ್ಲದಂತಾಗಿ, ಹೊರಗಿನಿಂದ ಎಣ್ಣೆ ಬರುವುದು ನಿಂತಾಗಿನಿಂದ ಅವನ ಬಸ್ಸು ಡಿಪೋದಲ್ಲೇ ನಿಂತಿದೆ, ಸ್ಟೇರಿಂಗಿನ ಮೇಲೆ ಗುಬ್ಬಿ ಗೂಡು ಕಟ್ಟಿದೆಯಂತೆ, ಕಟ್ಟಲಿ ಪಾಪ, ಟಿಕೆಟ್ ಕೇಳುವವರಾದರೂ ಯಾರಿದ್ದಾರೆ, ಪಗಾರ ಬಂದರೂ ಸಂತೆ ಮುಟ್ಟುವಷ್ಟರಲ್ಲಿ ಉಳ್ಳಾಗಡ್ಡಿಯ ಬೆಲೆ ಕೈಗೆ ಸಿಗದಷ್ಟು ಏರಿರುತ್ತದೆ, ಖಾಲಿ ಸಿಲಿಂಡರಿನ ಮೇಲೆ ಬೆಕ್ಕು ಮಲಗುತ್ತದೆ. ಓಣಿಯಲ್ಲಿ ಈಗ ಕೊಡುವುದು ತರುವುದು ಅಷ್ಟೇ, ಪಕ್ಕದ ಮನೆಯ ಕಾಸೀಮಬೀ ಆಡಿನ ಹಾಲು ಕೊಡುತ್ತಾಳೆ, ಅವನ ಹೆಂಡತಿ ಬಸವಣ್ಣೆಮ್ಮ ರೊಟ್ಟಿ ಕೊಡುತ್ತಾಳೆ — ಇವತ್ತು ಕಾಸೀಮಬೀಯ ಮಗಳ ನಿಕಾಹ್, ಅಡುಗೆಯವನು ಗ್ಯಾಸಿಲ್ಲವೆಂದು ಕೈಯೆತ್ತಿದಾಗ, ಚಿಂತಿ ಮಾಡಬ್ಯಾಡವಾ, ರೊಟ್ಟಿ ನಂದು ಎಂದು ಮಾತು ಕೊಟ್ಟವಳು ಬಸವಣ್ಣೆಮ್ಮ, ನಿನ್ನೆ ಕಟ್ಟಿಗೆ ಹೊರೆ ಇಳಿಸುವಾಗ ಜಾರಿ ಬಿದ್ದು ಬಲಗೈ ಬಾವು ಬರಿಸಿಕೊಂಡವಳೂ ಅವಳೇ. ಕೊಟ್ಟ ಮಾತು ಹೋತಲ್ರಿ ಎಂದು ಕೂತಲ್ಲೇ ಕಣ್ಣು ತುಂಬಿಕೊಂಡಳು, ನನಗ ಕೈ ಇಲ್ಲೇನು ಎಂದುಬಿಟ್ಟ ಇವನು, ಅಂದವನೇ ಹಿಟ್ಟಿನ ಮುಂದೆ ಕೂತ.

ಮೊದಲನೆಯದು ಹರಿಯಿತು, ಎರಡನೆಯದು ಹಂಚಿಗೆ ಅಂಟಿ ಕೂತಿತು, ಕಾಸೀಮಬೀ ಬಾಗಿಲಲ್ಲಿ ಇಣುಕಿ, ಅಣ್ಣಾರ, ಬೀಗರ ಚಕ್ಕಡಿ ಕೆರಿ ದಂಡಿಗೆ ಬಂದಾವ್ರಿ ಎಂದವಳು ಅವನ ಹುಬ್ಬು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ನಗಲಿ, ಮದುವೆ ಮನೆಯವಳು. ಒಂದ ಕಡೆ ಬಡದ್ರ ಹೆಂಗ್ರಿ, ಸುತ್ತ ತಿರುಗಸ್ರಿ, ಸ್ಟೇರಿಂಗ್ ತಿರುಗಿಸಿದಂಗ ಎಂದು ಬಸವಣ್ಣೆಮ್ಮ ಪಕ್ಕದಲ್ಲಿ ಕೂತು ಎಡಗೈಯಿಂದ ನೆಲ ತಟ್ಟತೊಡಗಿದಳು, ತಟ್ಟು, ತಿರುಗಿಸು, ತಟ್ಟು, ಈ ಸಪ್ಪಳ ಅವನು ಎಲ್ಲೋ ಕೇಳಿದ್ದಾನೆ, ಎಲ್ಲೋ ಏನು, ಮೊದಲ ಟ್ರಿಪ್ಪಿಗೆ ಏಳುವ ಮುಂಚೆ ದಿನಾ ನಿದ್ದೆಗಣ್ಣಿನಲ್ಲಿ ಕೇಳಿದ್ದು ಇದನ್ನೇ, ಬೆಳಗಾಗುವುದೇ ಹೀಗೆ ಸಪ್ಪಳ ಮಾಡುತ್ತದೆ ಅಂದುಕೊಂಡಿದ್ದ, ಅದರ ಹಿಂದೆ ಒಂದು ಕೈ ಇತ್ತು, ಹಬ್ಬಕ್ಕೂ ಜ್ವರಕ್ಕೂ ನಿಲ್ಲದ ಕೈ — ಈಗ ಅವನ ಅಂಗೈ ತಾನೇ ತಿರುಗುತ್ತಿತ್ತು, ಹಿಟ್ಟು ಅಗಲವಾಗುತ್ತಿತ್ತು, ಹಂಚಿನ ಮೇಲೆ ರೊಟ್ಟಿ ಮೆಲ್ಲಗೆ ಮೈಯೆತ್ತಿ ಉಬ್ಬಿತು, ಉಬ್ಬೇತಲಾ ಎಂದ ಅವನು, ಉಬ್ಬೇತಿ, ಮುಂದಿಂದು ಬಡೀರಿ ಎಂದಳು ಅವಳು, ಒಂದಾದ ಮೇಲೊಂದು, ಡೊಂಕು, ದಪ್ಪ, ಆದರೂ ರೊಟ್ಟಿ, ಬುಟ್ಟಿ ತುಂಬಿತು, ಕಾಸೀಮಬೀ ಬಿಸಿ ಬುಟ್ಟಿಯನ್ನು ಎದೆಗವಚಿಕೊಂಡು ಓಡಿದಳು. ಹೊರಗೆ ಎತ್ತಿನ ಗೆಜ್ಜೆ, ಬೀಗರು ಬಂದರು, ಎದ್ದು ಹೋಗಿ ಎದುರುಗೊಳ್ಳಬೇಕು, ಅಂಗಿ ಬದಲಿಸಬೇಕು, ಹುಬ್ಬು ತೊಳೆಯಬೇಕು, ಗಾದಿಲಿಂಗಪ್ಪ ಏಳಲಿಲ್ಲ — ಹಿಟ್ಟು ಮುಗಿದಿತ್ತು, ಒಲೆ ಆರುತ್ತಿತ್ತು, ಬಸವಣ್ಣೆಮ್ಮ ಬಾಗಿಲ ಕಡೆ ನೋಡುತ್ತ ನಗುತ್ತಿದ್ದಳು, ಅವಳಿಗೇ ತಿಳಿಯದಂತೆ ಅವಳ ಎಡಗೈ ಇನ್ನೂ ನೆಲವನ್ನು ತಟ್ಟುತ್ತಿತ್ತು, ಹಸಿರು ಬಳೆ ಮೇಲೆ ಕೆಳಗೆ, ಮೇಲೆ ಕೆಳಗೆ, ಆ ಕೈ —